ದೊಡ್ಡಪತ್ರೆ ಮುಟ್ಟದ ನೊಣಗಳು

ಹಣ್ಣಿನ ನೊಣಕ್ಕೆ ಅಡುಗೆ ಮಾಡುವುದು ಹೆಚ್ಚುಕಮ್ಮಿ ಕೇಸರಿಬಾತು ಮಾಡಿದ ಹಾಗೆ. ರವೆ, ಬೆಲ್ಲ, ನೀರು, ಗಟ್ಟಿಯಾಗಲು ಒಂದಿಷ್ಟು ಅಗರ್ ಪುಡಿ, ಬೂಸ್ಟು ಹಿಡಿಯದಿರಲು ಸ್ವಲ್ಪ ಆಮ್ಲ. ಗಂಟು ಕಟ್ಟದಂತೆ ಕೈಯಾಡಿಸುತ್ತಾ ಕುದಿಸಬೇಕು, ಬಿಸಿ ಇರುವಾಗಲೇ ಗಾಜಿನ ಕೊಳವೆಗಳಿಗೆ ಸುರಿಯಬೇಕು, ಆರಿದ ಮೇಲೆ ನೊಣಗಳನ್ನು ಬಿಟ್ಟು ಬಾಯಿಗೆ ಹತ್ತಿ ತುರುಕಬೇಕು. ಯಲಹಂಕದಾಚೆಗಿನ ನಮ್ಮ ಪ್ರಯೋಗಾಲಯದಲ್ಲಿ ಈ ಅಡುಗೆ ನನ್ನ ಪಾಲಿನ ಕೆಲಸವಾಗಿತ್ತು. ಅದರಲ್ಲಿ ದೊಡ್ಡಪತ್ರೆಯ ಸಾರ ಬೆರೆಸಲು ಶುರು ಮಾಡಿದ್ದು ಪಿಎಚ್‌ಡಿಯ ಮೂರನೆಯ ವರ್ಷ.

ನಮ್ಮ ಪ್ರಶ್ನೆ ಸರಳವಾಗಿತ್ತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಒಂದು ಜಾಗದ ಕೋಶಗಳು ಮೆಲ್ಲಮೆಲ್ಲನೆ ಸಾಯುತ್ತವೆ. ನಡೆಗೆ, ಕೈಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಅವು. ಈಗಿರುವ ಮಾತ್ರೆಗಳು ಕೊರತೆಯನ್ನು ತುಂಬಿಕೊಡುತ್ತವೆ, ಕೋಶಗಳ ಸಾವನ್ನು ನಿಲ್ಲಿಸುವುದಿಲ್ಲ. ಪುದೀನ, ತುಳಸಿ, ದೊಡ್ಡಪತ್ರೆ ಇವೆಲ್ಲ ಒಂದೇ ಕುಟುಂಬದ ಗಿಡಗಳು. ಅವುಗಳ ಎಲೆಯಲ್ಲಿರುವ ಕೆಲವು ಅಂಶಗಳಿಗೆ ಆ ಕೋಶಗಳನ್ನು ಕಾಯುವ ಶಕ್ತಿ ಇದೆಯೇ ಎಂದು ಹಲವರು ಹುಡುಕುತ್ತಿದ್ದಾರೆ. ನಾನೂ ಹುಡುಕುವವರಲ್ಲಿ ಒಬ್ಬಳು. ನನ್ನ ಪಿಎಚ್‌ಡಿ ಮಹಾಪ್ರಬಂಧದ ಒಂದು ಅಧ್ಯಾಯ ಅದಕ್ಕೇ ಮೀಸಲಾಗಿತ್ತು.

ನೊಣಕ್ಕೆ ಈ ಕಾಯಿಲೆ ತಾನಾಗಿ ಬರುವುದಿಲ್ಲ. ಪ್ಯಾರಕ್ವಾಟ್ ಎಂಬ ಕಳೆನಾಶಕವನ್ನು ಅತಿ ಸಣ್ಣ ಪ್ರಮಾಣದಲ್ಲಿ ಆಹಾರದಲ್ಲಿ ಬೆರೆಸಿದರೆ ಅದರ ಮಿದುಳಿನಲ್ಲಿಯೂ ಅದೇ ಬಗೆಯ ಕೋಶಗಳು ಹಾಳಾಗುತ್ತವೆ, ಕಾಲು ನಡುಗುತ್ತವೆ. ಆಮೇಲಿನದು ಏರುವ ಪರೀಕ್ಷೆ. ಉದ್ದನೆಯ ಕೊಳವೆಯಲ್ಲಿ ಇಪ್ಪತ್ತು ನೊಣ ಬಿಟ್ಟು ಮೇಜಿನ ಮೇಲೆ ಮೆಲ್ಲಗೆ ಕುಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ. ನೊಣದ ಸ್ವಭಾವವೇ ಮೇಲಕ್ಕೆ ಹೋಗುವುದು. ಆರೋಗ್ಯವಾಗಿದ್ದರೆ ಬಿದ್ದ ಕೂಡಲೇ ಗೋಡೆ ಹಿಡಿದು ಏರತೊಡಗುತ್ತವೆ. ಎಂಟು ಸೆಂಟಿಮೀಟರಿಗೆ ಒಂದು ಗೆರೆ, ಹತ್ತು ಸೆಕೆಂಡ್ ಸಮಯ. ಅಷ್ಟರಲ್ಲಿ ಗೆರೆ ದಾಟಿದವು ಎಷ್ಟು ಎಂದು ಬರೆದುಕೊಳ್ಳಬೇಕು. ಒಂದೊಂದು ಕೊಳವೆಗೆ ಮೂರು ಸಲ, ದಿನಕ್ಕೆ ನಲವತ್ತು ಕೊಳವೆ.

ಮೊದಲ ಸುತ್ತಿನಲ್ಲೇ ಮುಗ್ಗರಿಸಿದೆ. ಯಶವಂತಪುರದ ಮಾರುಕಟ್ಟೆಯಿಂದ ಎಲೆ ತಂದು ಸಾರ ತೆಗೆದಿದ್ದೆ. ವಿಷ ಹಾಕದೆ ಬರೀ ಎಲೆಸಾರ ಕೊಟ್ಟ ನೊಣಗಳೂ ಎರಡೇ ದಿನದಲ್ಲಿ ಸತ್ತು ತಳದಲ್ಲಿ ಬಿದ್ದಿದ್ದವು. ಅಳತೆ ತಪ್ಪಿತೆಂದು ಮತ್ತೆ ಮಾಡಿದೆ, ಮತ್ತೆ ಸತ್ತವು. ಮೂರು ವಾರ ಹೋದ ಮೇಲೆ ನನ್ನ ಮಾರ್ಗದರ್ಶಕಿ, ನಾವೆಲ್ಲ ಮೇಡಂ ಎನ್ನುವವರು, ಎಲೆಯನ್ನು ಮೂಸಿ ನೋಡಿ, ಇದಕ್ಕೆ ಯಾರೋ ಕೀಟನಾಶಕ ಹೊಡೆದಿರಬೇಕು, ಬೆಳೆದವರು ಯಾರೆಂದು ಗೊತ್ತಿರುವ ಎಲೆ ತೆಗೆದುಕೊಂಡು ಬಾ ಅಂದರು.

ಅಂಥ ಎಲೆ ನನ್ನ ಮನೆಯ ಪಕ್ಕದಲ್ಲೇ ಇತ್ತು. ಯಲಹಂಕದ ಈಚೆಯ ಸಿಂಗಾಪುರ ಬಡಾವಣೆಯಲ್ಲಿ ನಾನು ಬಾಡಿಗೆಗಿದ್ದದ್ದು ಮೊದಲನೆಯ ಮಹಡಿಯಲ್ಲಿ. ಕೆಳಗೆ ಮನೆಯ ಯಜಮಾನರು, ನಾನು ಅಮ್ಮ ಎಂದು ಕರೆಯುತ್ತಿದ್ದ ಅವರ ಹೆಂಡತಿ. ಸಿಂಗಾಪುರ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಕುಟುಂಬ. ಒಂದು ಕಾಲಕ್ಕೆ ದ್ರಾಕ್ಷಿ ತೋಟವಿದ್ದ ಜಮೀನು ಈಗ ಲೇಔಟ್. ಮಾರದೆ ಉಳಿಸಿಕೊಂಡ ಒಂದು ಸೈಟಿನಲ್ಲಿ ಅಮ್ಮ ಸೊಪ್ಪುಸದೆ ಬೆಳೆಯುತ್ತಿದ್ದರು. ಕಾಂಪೌಂಡಿನ ಉದ್ದಕ್ಕೂ ದೊಡ್ಡಪತ್ರೆ ದಟ್ಟವಾಗಿ ಹಬ್ಬಿತ್ತು. ಯಜಮಾನರಿಗೆ ಪಾರ್ಕಿನ್ಸನ್ ಬಂದು ಆರು ವರ್ಷವಾಗಿತ್ತು. ಬಲಗೈ ನಡುಗುತ್ತಿತ್ತು, ಹೆಜ್ಜೆ ಚಿಕ್ಕದಾಗಿತ್ತು, ದನಿ ಸಣ್ಣಗಾಗಿತ್ತು. ದಿನಕ್ಕೆ ನಾಲ್ಕು ಹೊತ್ತು ಮಾತ್ರೆ. ಮಾತ್ರೆಯ ಹೊತ್ತು ತಪ್ಪದಿದ್ದರೆ ಬೆಳಿಗ್ಗೆ ಪಾರ್ಕಿನವರೆಗೆ ನಡೆದು ಪೇಪರ್ ಓದಿ ಬರುತ್ತಿದ್ದರು.

ಎಲೆ ಏತಕ್ಕೆಂದು ಅಮ್ಮ ಕೇಳಿದರು. ನಾನು ಮುಚ್ಚಿಡಲಿಲ್ಲ. ಅವರು, ಎಷ್ಟು ಬೇಕೋ ಅಷ್ಟು ಕಿತ್ತುಕೋ ಅಂದರು. ಅಂದಿನಿಂದ ವಾರಕ್ಕೆರಡು ಸಲ ಅವರೇ ಬೆಳಿಗ್ಗೆ ಎಲೆ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಮೆಟ್ಟಿಲ ಮೇಲೆ ಇಟ್ಟಿರುತ್ತಿದ್ದರು.

ಆ ಎಲೆಯಿಂದ ನೊಣ ಸಾಯಲಿಲ್ಲ. ಅಷ್ಟೇ ಅಲ್ಲ, ವಿಷದ ಜೊತೆ ಎಲೆಸಾರ ಬೆರೆಸಿದ ಕೊಳವೆಗಳಲ್ಲಿ ನೊಣಗಳು ಏರಿದವು. ಬರೀ ವಿಷ ತಿಂದವು ತಳದಲ್ಲಿ ತಡವರಿಸುತ್ತಿದ್ದರೆ ಇವು ಗೆರೆ ದಾಟಿ ಹತ್ತಿಯವರೆಗೂ ಹೋಗುತ್ತಿದ್ದವು. ಮೊದಲ ಸಲ ನಂಬಲಿಲ್ಲ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಹಾಗೇ ಆಯಿತು. ಸಾರ ಹೆಚ್ಚಿಸಿದಷ್ಟೂ ಏರುವ ನೊಣ ಹೆಚ್ಚಾದವು. ಮೇಡಂ ಅಷ್ಟು ಸುಲಭಕ್ಕೆ ಮೆಚ್ಚುವವರಲ್ಲ. ಅವರೂ ನಕ್ಷೆ ನೋಡಿ, ಸಮ್ಮೇಳನಕ್ಕೆ ಕಳಿಸೋಣ ಅಂದರು. ಕಳಿಸಿದೆವು, ಆಯ್ಕೆಯಾಯಿತು.

ಅವತ್ತು ಸಂಜೆ ನಾನು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಖುಷಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ನಿಮ್ಮ ಎಲೆ ತಿಂದ ನೊಣಗಳು ಚೆನ್ನಾಗಿ ಹತ್ತುತಾ ಇವೆ. ವಿಷ ಕೊಟ್ರೂ ಹತ್ತುತಾ ಇವೆ" ಅಂದೆ.

ಅವರು ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದುಕೊಂಡು, "ಅಂಗಾದ್ರೆ ನಮ್ ಯಜಮಾನ್ರಿಗೂ ಆಯ್ತದಾ?" ಎಂದು ಕೇಳಿದರು.

ನೊಣ ಬೇರೆ ಮನುಷ್ಯ ಬೇರೆ, ಇನ್ನೂ ಬಹಳ ವರ್ಷದ ಕೆಲಸವಿದೆ ಎಂದೆಲ್ಲ ಹೇಳಿದೆ. ಹೇಳಿದ್ದು ನಿಜ. ಆದರೆ ನಗುತ್ತಾ ಹೇಳಿದೆ. ಅವರು ನನ್ನ ಮಾತನ್ನು ಕೇಳಲಿಲ್ಲ, ಮುಖವನ್ನು ನೋಡಿದರು ಎಂದು ಈಗ ಅನಿಸುತ್ತದೆ.

ಸಮ್ಮೇಳನಕ್ಕೆ ಇನ್ನೂ ಎರಡು ವಾರ ಇದ್ದಾಗ, ಒಂದು ಶುಕ್ರವಾರ, ಬಳಸಿದ ಕೊಳವೆಗಳನ್ನು ತೊಳೆಯಲು ಕೂತಿದ್ದೆ. ತೊಳೆಯುವ ಕೆಲಸಕ್ಕೆ ಬೇರೆಯವರಿದ್ದರು. ಅವರು ರಜೆಯಲ್ಲಿದ್ದುದರಿಂದ ನಾನೇ ಮಾಡುತ್ತಿದ್ದೆ. ನೊಣ ತಿಂದದ್ದನ್ನು ಕೊಳವೆಯ ಗಾಜಿನ ಮೇಲೆಯೇ ಹೇಳುತ್ತದೆ. ಸಾಸಿವೆಗಿಂತ ಚಿಕ್ಕ ಕಂದು ಚುಕ್ಕೆಗಳು, ಅದರ ಹಿಕ್ಕೆ. ಬರೀ ವಿಷ ಬೆರೆಸಿದ ಕೊಳವೆಗಳ ತುಂಬ ಚುಕ್ಕೆಗಳಿದ್ದವು. ದೊಡ್ಡಪತ್ರೆಯ ಕೊಳವೆಗಳಲ್ಲಿ ಬೆರಳೆಣಿಕೆಯಷ್ಟು. ಸಾರ ಹೆಚ್ಚಿದ್ದ ಕೊಳವೆಗಳ ಗಾಜು ಹೊಸದರಂತೆ ಹೊಳೆಯುತ್ತಿತ್ತು.

ನಲ್ಲಿ ನಿಲ್ಲಿಸಿದೆ. ದೊಡ್ಡಪತ್ರೆಯ ಘಾಟು ಎಲ್ಲರಿಗೂ ಗೊತ್ತಿರುವುದೇ. ಒಂದು ಎಲೆ ಕಿವುಚಿದರೆ ಕೋಣೆಯೆಲ್ಲ ಹರಡುತ್ತದೆ. ನಾನು ವಿಷವನ್ನೂ ಸಾರವನ್ನೂ ಒಂದೇ ಆಹಾರದಲ್ಲಿ ಬೆರೆಸಿದ್ದೆ. ಘಾಟಿಗೆ ನೊಣ ಆಹಾರವನ್ನೇ ಮುಟ್ಟದಿದ್ದರೆ ವಿಷ ಹೊಟ್ಟೆಗೆ ಹೋಗುವುದಾದರೂ ಹೇಗೆ? ಎಲೆ ಕೋಶಗಳನ್ನು ಕಾಯುತ್ತಿರಲಿಲ್ಲ. ಊಟವನ್ನು ಕೆಡಿಸುತ್ತಿತ್ತು, ಅಷ್ಟೇ. ಒಂದೆರಡು ದಿನ ಹಸಿದಿದ್ದರೂ ನೊಣ ಏರಬಲ್ಲದು.

ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಕಿಲ್ಲ. ಕೇಕಿಗೆ ಹಾಕುವ ನೀಲಿ ಬಣ್ಣವನ್ನು ಆಹಾರದಲ್ಲಿ ಬೆರೆಸಿ, ಎರಡು ಗಂಟೆ ಬಿಟ್ಟು, ನೊಣವನ್ನು ಮಂಪರು ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಸಾಕು. ತಿಂದ ನೊಣದ ಹೊಟ್ಟೆ ನೀಲಿಯಾಗಿ ಕಾಣುತ್ತದೆ. ಅವತ್ತೇ ಮಧ್ಯಾಹ್ನ ಮಾಡಿದೆ. ಸಾದಾ ಆಹಾರದ ನೊಣಗಳ ಹೊಟ್ಟೆ ಶಾಯಿ ಕುಡಿದ ಹಾಗಿತ್ತು. ದೊಡ್ಡಪತ್ರೆಯ ನೊಣಗಳಲ್ಲಿ ಹೆಚ್ಚಿನವಕ್ಕೆ ಬಣ್ಣವೇ ಇರಲಿಲ್ಲ.

ಮೇಡಂ ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಹೋಗಿ ಹೇಳಲಿಲ್ಲ. ಸ್ಲೈಡುಗಳನ್ನು ತೊಳೆದಿಟ್ಟು ಮನೆಗೆ ಹೊರಟೆ. ಒಂದೇ ಸಲ ಮಾಡಿದ ಪರೀಕ್ಷೆ, ಬಣ್ಣ ಹಳೆಯದಿರಬಹುದು, ಸಮ್ಮೇಳನ ಮುಗಿಯಲಿ, ಆಮೇಲೆ ನಿಧಾನವಾಗಿ ನೋಡಿದರಾಯಿತು. ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡದ್ದು ಇವು. ಎರಡು ವರ್ಷದ ಕೆಲಸ, ಒಂದು ಅಧ್ಯಾಯ, ಫೆಲೋಶಿಪ್ ಮುಗಿಯಲು ಇನ್ನು ಒಂದೇ ವರ್ಷ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮರುದಿನ ಶನಿವಾರ ಪ್ರಯೋಗಾಲಯಕ್ಕೆ ಹೋಗಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಕೆಳಗಿನಿಂದ ಅಮ್ಮ ನನ್ನನ್ನು ಕೂಗಿದರು. ಇಳಿದು ಹೋದೆ. ಯಜಮಾನರು ಬಚ್ಚಲುಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು. ಹೆಜ್ಜೆ ಎತ್ತಲು ಆಗುತ್ತಿರಲಿಲ್ಲ. ಪಾದ ನೆಲಕ್ಕೆ ಅಂಟಿಸಿದ ಹಾಗೆ ನಿಂತಿತ್ತು, ಮೈಯೆಲ್ಲ ಸೆಟೆದುಕೊಂಡಿತ್ತು, ಹಣೆಯಿಂದ ರಕ್ತ ಇಳಿಯುತ್ತಿತ್ತು. ಒಂದು ಸಲ ಬಿದ್ದು, ಅಮ್ಮ ಹೇಗೋ ಎಬ್ಬಿಸಿ ನಿಲ್ಲಿಸಿದ್ದರು. ಇಬ್ಬರೂ ಸೇರಿ ಕುರ್ಚಿಗೆ ಕೂರಿಸಿದೆವು. ಗಾಯಕ್ಕೆ ಬಟ್ಟೆ ಒತ್ತುತ್ತಾ, ಮಧ್ಯಾಹ್ನದ ಮಾತ್ರೆ ಆಯಿತೇ ಎಂದು ಕೇಳಿದೆ.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮದ್ಯಾನದ್ದು ಬಿಡ್ಸಿ ಎಂಟ್ ದಿನ ಆಯ್ತು ಕಣಮ್ಮ. ಅದ್ರ ಬದ್ಲು ಎಲೆ ರಸ ಕೊಡ್ತಾ ಇದ್ದೆ. ನೀನೇ ಏಳಿದ್ಯಲ್ಲ" ಅಂದರು.

ಮಾತ್ರೆ ತಿಂದರೆ ಯಜಮಾನರಿಗೆ ಹೊಟ್ಟೆ ತೊಳೆಸುತ್ತಿತ್ತು. ಒಂದು ಹೊತ್ತಿನದಾದರೂ ಕಡಿಮೆಯಾಗಲಿ ಎಂದು ಅಮ್ಮನ ಆಸೆ. ತಪ್ಪು ಅವರದಲ್ಲ.

ಆಟೋದಲ್ಲಿ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಅವರನ್ನು ಮೊದಲಿನಿಂದ ನೋಡುತ್ತಿದ್ದ ನರರೋಗ ವೈದ್ಯರು ಅದೃಷ್ಟಕ್ಕೆ ಇದ್ದರು. ಹಣೆಗೆ ನಾಲ್ಕು ಹೊಲಿಗೆ ಬಿತ್ತು, ಮಿದುಳಿನ ಸ್ಕ್ಯಾನ್ ಸರಿಯಾಗಿತ್ತು. ತಪ್ಪಿದ ಮಾತ್ರೆ ಕೊಟ್ಟು ಒಂದು ಗಂಟೆಯಾಗುವಷ್ಟರಲ್ಲಿ ಮೈ ಸಡಿಲಾಯಿತು, ಹೆಜ್ಜೆ ಬಂತು. ಮಾತ್ರೆ ನಿಲ್ಲಿಸಿ ಎಂದವರು ಯಾರು ಎಂದು ವೈದ್ಯರು ಕೇಳಿದಾಗ ಅಮ್ಮ ನೆಲ ನೋಡಿದರು. ನಿಲ್ಲಿಸಿ ಎಂದು ನಾನು ಹೇಳಲಿಲ್ಲ, ಆದರೆ ಈ ಎಲೆಯಿಂದ ನೊಣಗಳು ಗುಣವಾಗುತ್ತಿವೆ ಎಂದು ಹೇಳಿದ್ದು ನಾನೇ ಅಂದೆ. ಅವರು ಬೈಯಲಿಲ್ಲ. ದೊಡ್ಡಪತ್ರೆ ಊಟಕ್ಕೆ ಎಷ್ಟು ಬೇಕಾದರೂ ಹಾಕಿಕೊಳ್ಳಿ, ತಂಬುಳಿ ಮಾಡಿ, ಬಜ್ಜಿ ಮಾಡಿ, ಅದು ಅಡುಗೆ. ಮಾತ್ರೆಗೆ ಮಾತ್ರ ನನ್ನನ್ನು ಕೇಳದೆ ಕೈ ಹಚ್ಚಬೇಡಿ, ಏಕಾಏಕಿ ಬಿಟ್ಟರೆ ಪ್ರಾಣಕ್ಕೂ ಕುತ್ತು ಬರಬಹುದು ಎಂದು ಅಮ್ಮನಿಗೆ ವಿವರಿಸಿದರು. ಹೊಟ್ಟೆ ತೊಳೆಸುವುದಕ್ಕೆ ಬೇರೆ ಮಾತ್ರೆ ಬರೆದುಕೊಟ್ಟರು. ಆಮೇಲೆ ನನ್ನತ್ತ ತಿರುಗಿ, ನಿಮ್ಮ ಫಲಿತಾಂಶ ಎಷ್ಟು ಗಟ್ಟಿ ಎಂದು ಕೇಳಿದರು. ನಿನ್ನೆಯವರೆಗೆ ಗಟ್ಟಿ ಇತ್ತು ಎಂದಷ್ಟೇ ಹೇಳಲಾಯಿತು.

ಸೋಮವಾರ ಬೆಳಿಗ್ಗೆ ಮೇಡಂ ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದೆ. ಚುಕ್ಕೆಗಳ ವಿಷಯ, ನೀಲಿ ಬಣ್ಣದ ವಿಷಯ, ಶುಕ್ರವಾರವೇ ಹೇಳದೆ ಹೋದದ್ದು, ಶನಿವಾರದ ಆಸ್ಪತ್ರೆ, ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವರು ಕನ್ನಡಕ ತೆಗೆದಿಟ್ಟು, ಒಂದೇ ಸಲದ ಪರೀಕ್ಷೆ ನಂಬಿ ಹಿಗ್ಗುವುದು ಎಷ್ಟು ತಪ್ಪೋ ಒಂದೇ ಸಲದ ಪರೀಕ್ಷೆ ನಂಬಿ ಎದೆಗುಂದುವುದೂ ಅಷ್ಟೇ ತಪ್ಪು, ಮತ್ತೆ ಮಾಡು, ಈ ಸಲ ನೀನು ನೋಡಬೇಡ ಅಂದರು.

ಕೊಳವೆಗಳಿಗೆ ನಾನು ಹೆಸರಿನ ಬದಲು ಅಂಕಿ ಅಂಟಿಸಿದೆ. ಯಾವ ಅಂಕಿಗೆ ಯಾವ ಆಹಾರ ಎಂಬ ಪಟ್ಟಿ ಮೇಡಂ ಬೀರುವಿನೊಳಗೆ. ಹೊಟ್ಟೆ ನೋಡಿ ನೀಲಿ, ತಿಳಿನೀಲಿ, ಬಣ್ಣವಿಲ್ಲ ಎಂದು ಬರೆದದ್ದು ಈ ವಿಷಯ ಏನೂ ಗೊತ್ತಿರದ ಇನ್ನೊಬ್ಬ ಸಂಶೋಧಕಿ. ಮೂರು ದಿನ ಹೀಗೆ ಮಾಡಿ ಪಟ್ಟಿ ಬಿಚ್ಚಿದೆವು. ಅದೇ ಫಲಿತಾಂಶ. ಮೇಡಂ ಅಲ್ಲೇ ಕೂತು ಸಮ್ಮೇಳನದವರಿಗೆ ಪತ್ರ ಬರೆದು ನಮ್ಮ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡರು. ಕಳಿಸುವ ಮುಂಚೆ ನನಗೆ ಓದಲು ಕೊಟ್ಟರು. ಕಾರಣದ ಜಾಗದಲ್ಲಿ 'ನಮ್ಮ ಪ್ರಯೋಗದ ವಿನ್ಯಾಸದಲ್ಲಿ ದೋಷವಿದೆ' ಎಂದಿತ್ತು. 'ನಮ್ಮ' ಎಂಬ ಪದವನ್ನು ನಾನು ಎರಡು ಸಲ ಓದಿದೆ.

ಆಮೇಲೆ ಎಲೆಯನ್ನೇ ಬಿಟ್ಟು ಬೇರೆ ವಿಷಯ ಹಿಡಿ ಎಂದು ಜೊತೆಯವರು ಹೇಳಿದರು. ಫೆಲೋಶಿಪ್ಪಿನ ಲೆಕ್ಕಕ್ಕೆ ಅದೇ ಜಾಣತನ. ನಾನು ಒಂದು ವಾರ ಯೋಚಿಸಿದೆ. ಎಲೆ ಕೆಲಸ ಮಾಡುವುದಿಲ್ಲ ಎಂದು ನಾನಿನ್ನೂ ತೋರಿಸಿರಲಿಲ್ಲ. ನನ್ನ ಪರೀಕ್ಷೆ ಸರಿಯಿಲ್ಲ ಎಂದಷ್ಟೇ ತೋರಿಸಿದ್ದೆ. ಹಾಗೇ ಬಿಟ್ಟು ಹೋದರೆ ಅಮ್ಮ ಕೇಳಿದ ಪ್ರಶ್ನೆಗೆ ಹೌದೂ ಇಲ್ಲ, ಅಲ್ಲವೂ ಇಲ್ಲ. ಇದೇ ಎಲೆಯಲ್ಲಿ ಮತ್ತೆ ಮಾಡುತ್ತೇನೆ ಎಂದು ಮೇಡಂಗೆ ಹೇಳಿದೆ.

ಮೊದಲು ಘಾಟು ಹೋಗಬೇಕಿತ್ತು. ಘಾಟಿರುವುದು ಆವಿಯಾಗುವ ಎಣ್ಣೆಯಲ್ಲಿ. ಕೋಶಗಳನ್ನು ಕಾಯಬಹುದೆಂದು ನಾವು ಎಣಿಸಿದ್ದ ಅಂಶ, ರೋಸ್ಮರಿನಿಕ್ ಆಮ್ಲ, ಆವಿಯಾಗುವಂಥದ್ದಲ್ಲ. ಎಲೆಯನ್ನು ನೆರಳಲ್ಲಿ ಒಣಗಿಸಿ, ನೀರಲ್ಲಿ ಹಾಕಿ, ಆವಿಯ ಜೊತೆ ಎಣ್ಣೆಯನ್ನು ಹೊರಗೆ ಹಾಯಿಸಿ, ಉಳಿದ ನೀರನ್ನು ಇಂಗಿಸಿದೆ. ಮೊದಲ ಎರಡು ಸಲ ಸೀದು ಕರಿ ಪಾಕವಾಯಿತು. ಶಾಖ ಇಳಿಸಿ ನಿಧಾನವಾಗಿ ಮಾಡಿದಾಗ ಮೂಗಿಗೆ ಹಿಡಿದರೂ ಒಣಹುಲ್ಲಿನಷ್ಟೇ ವಾಸನೆ ಬರುವ ಪುಡಿ ಸಿಕ್ಕಿತು. ಆಮ್ಲ ಅದರಲ್ಲಿ ಉಳಿದಿದೆ ಎಂದು ಯಂತ್ರದಲ್ಲಿ ಅಳೆದು ನೋಡಿದೆ. ನಂತರ ನೀಲಿ ಪರೀಕ್ಷೆ. ಈಗ ಹೊಟ್ಟೆಗಳೆಲ್ಲ ಒಂದೇ ಬಣ್ಣ, ನೊಣಗಳು ಸಮನಾಗಿ ತಿನ್ನುತ್ತಿದ್ದವು. ಅದಾದ ಮೇಲೆ ಸಾರವನ್ನೂ ವಿಷವನ್ನೂ ಬೇರ್ಪಡಿಸಿದೆ. ಮೊದಲು ಐದು ದಿನ ಕೆಲವು ನೊಣಗಳಿಗೆ ಸಾರ ಬೆರೆಸಿದ ಆಹಾರ, ಉಳಿದವಕ್ಕೆ ಸಾದಾ ಆಹಾರ. ಆಮೇಲೆ ಎಲ್ಲ ನೊಣಗಳನ್ನೂ ಎಲೆಯಿಲ್ಲದ, ಒಂದೇ ಪಾತ್ರೆಯಲ್ಲಿ ಮಾಡಿದ ವಿಷದ ಆಹಾರಕ್ಕೆ ದಾಟಿಸುವುದು. ಕೊಳವೆಗಳಿಗೆ ಅಂಕಿ ಹಚ್ಚಿದ್ದು ಬೇರೆಯವರು, ಏರುವುದನ್ನು ವಿಡಿಯೊ ಮಾಡಿ ಎಣಿಸಿದ್ದು ನಾನು.

ಏಳು ತಿಂಗಳು ಹಿಡಿಯಿತು. ಪಟ್ಟಿ ಬಿಚ್ಚಿದ ದಿನ ಮೇಡಂ ಒಂದೊಂದೇ ಅಂಕಿ ಓದಿದರು, ನಾನು ಕೂಡಿಸುತ್ತಾ ಹೋದೆ. ಮೊದಲು ಕಂಡಿದ್ದ ದೊಡ್ಡ ಅಂತರ ಕರಗಿಹೋಗಿತ್ತು. ಎಳೆಯ ನೊಣಗಳಲ್ಲಿ, ಒಂದು ಪ್ರಮಾಣದಲ್ಲಿ ಮಾತ್ರ, ಸಣ್ಣದೊಂದು ವ್ಯತ್ಯಾಸ ಉಳಿದಿತ್ತು. ಅದು ಅಲ್ಲಗಳೆಯುವಂಥದ್ದೂ ಅಲ್ಲ, ಬೀಗುವಂಥದ್ದೂ ಅಲ್ಲ. ವಯಸ್ಸಾದ ನೊಣಗಳಲ್ಲಿ ಅದೂ ಇರಲಿಲ್ಲ. ಅಧ್ಯಾಯವನ್ನು ಹಾಗೆಯೇ ಬರೆದೆ. ಅರ್ಧಕ್ಕಿಂತ ಹೆಚ್ಚು ಪುಟಗಳು, ನೊಣ ತಿಂದಿದೆಯೇ ಎಂದು ನೋಡದೆ ಇಂಥ ಪ್ರಯೋಗವನ್ನು ನಂಬಬಾರದು ಎಂಬುದರ ಬಗ್ಗೆ. ಹೊಗಳುವವರು ಯಾರೂ ಇಲ್ಲದ ಅಧ್ಯಾಯ. ಆದರೆ ಅದರಲ್ಲಿ ನಾನು ಹೆದರಿಕೊಂಡು ಬರೆದ ಸಾಲು ಒಂದೂ ಇಲ್ಲ.

ಅಮ್ಮನಿಗೆ ಹೇಳುವುದು ಪಟ್ಟಿ ಬಿಚ್ಚಿದ್ದಕ್ಕಿಂತ ಕಷ್ಟವಾಯಿತು. ಅಡುಗೆಮನೆಯಲ್ಲಿ ನಿಂತೇ ಹೇಳಿದೆ. ಅವರು ಒಲೆ ಸಣ್ಣ ಮಾಡಿ ಪೂರ್ತಿ ಕೇಳಿಸಿಕೊಂಡರು. ಆ ಎಲೆಯಿಂದ ಕೆಡುಕಂತೂ ಆಗಿಲ್ಲವಲ್ಲ ಎಂದು ಕೇಳಿದರು. ಇಲ್ಲ, ಮಾತ್ರೆ ಬಿಟ್ಟಿದ್ದರಿಂದ ಆದದ್ದು ಅಂದೆ. ಅವರು ತಲೆಯಾಡಿಸಿ ಮತ್ತೆ ಒಲೆಯ ಕಡೆ ತಿರುಗಿದರು. ಹಜಾರದಲ್ಲಿ ಕೂತಿದ್ದ ಯಜಮಾನರು ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಕರೆದು, ಆ ನೊಣಗಳನ್ನು ಒಂದು ದಿನ ನೋಡಬೇಕಲ್ಲ ಅಂದರು.

ಮೇಡಂ ಒಪ್ಪಿಗೆ ಕೊಟ್ಟರು. ಒಂದು ಬೆಳಿಗ್ಗೆ, ಮಾತ್ರೆ ತೆಗೆದುಕೊಂಡು ಮೈ ಹಗುರಾಗಿದ್ದ ಹೊತ್ತಿನಲ್ಲಿ ಕರೆದುಕೊಂಡು ಹೋದೆ. ಅಮ್ಮ ಹೊರಗಿನ ಬೆಂಚಿನಲ್ಲೇ ಕೂತರು, ಬೆಲ್ಲದ ಹುಳಿವಾಸನೆ ಅವರಿಗೆ ಆಗಲಿಲ್ಲ. ಯಜಮಾನರು ಎತ್ತರದ ಸ್ಟೂಲ್ ಬೇಡವೆಂದು ಕುರ್ಚಿಯಲ್ಲಿ ಕೂತು ಕೊಳವೆಗಳನ್ನು ನೋಡುತ್ತಾ ಹೋದರು. ಇವಕ್ಕೆ ಕಾಯಿಲೆ ಬರಿಸೋದು ಏತರಿಂದ ಎಂದು ಕೇಳಿದರು. ಹೆಸರು ಹೇಳಿದೆ. ಹುಲ್ಲು ಸುಡುವುದಕ್ಕೆ ಹೊಡೆಯುತ್ತಾರಲ್ಲ, ಅದೇ ಎಂದೆ.

ಅವರು ಆ ಸಣ್ಣ ದನಿಯಲ್ಲಿ, "ದ್ರಾಕ್ಷಿ ಸಾಲಿಗೆ ನಾನೂ ಒಡೀತಿದ್ದೆ. ಬೆನ್ನಿಗೆ ಡಬ್ಬ ಕಟ್ಕೊಂಡು, ಬರೀ ಮೈಲಿ" ಅಂದರು.

ಅದರಿಂದಲೇ ಬಂತು ಎಂದು ಒಬ್ಬ ಮನುಷ್ಯನ ವಿಷಯದಲ್ಲಿ ಯಾರೂ ಹೇಳಲಾರರು ಎಂದು ನಾನು ಹೇಳಿದೆ. ಅದು ನಿಜ. ಈ ಸಲ ನಗುತ್ತಾ ಹೇಳಲಿಲ್ಲ. ಅವರು ಸರಿ ಎಂಬಂತೆ ಕೈ ಆಡಿಸಿದರು. ಬೇರೆಯವರಾಗಿದ್ದರೆ ಆಮೇಲೆ ಅಲ್ಲಿಂದ ಎದ್ದು ಹೋಗುತ್ತಿದ್ದರೇನೋ. ಅವರು ಮಾತ್ರ, ಎಣಿಸೋದು ಹೇಗೆ ತೋರಿಸು ಅಂದರು.

ವಿಷ ತಿಂದ ಒಂದು ಕೊಳವೆ ತೆಗೆದು, ಕುಟ್ಟಿ, ಗಡಿಯಾರ ಒತ್ತಿದೆ. ನೊಣಗಳು ತಳದಲ್ಲಿ ಹೊರಳಿದವು. ಕೆಲವು ಗೋಡೆ ಹಿಡಿದು ಜಾರಿದವು, ಮತ್ತೆ ಹಿಡಿದವು. ಯಜಮಾನರು ಮುಖವನ್ನು ಗಾಜಿನ ಹತ್ತಿರಕ್ಕೆ ತಂದರು. ಹತ್ತು ಸೆಕೆಂಡಿಗೆ ಸದ್ದಾಯಿತು. ಗೆರೆಯ ಮೇಲೆ ಆರು ಇದ್ದವು. ನಾನು ಪುಸ್ತಕಕ್ಕೆ ಕೈ ಹಾಕಿದಾಗ ಅವರು ನನ್ನ ತೋಳು ಹಿಡಿದರು.

"ಇರು ತಾಯಿ, ಒಂದು ಬರ್ತಾ ಐತೆ."

ಒಂದು ನೊಣ ಗೆರೆಯಿಂದ ಕೂದಲೆಳೆಯಷ್ಟು ಕೆಳಗಿತ್ತು. ಮುಂಗಾಲು ನಡುಗಿಸುತ್ತಾ ನಿಂತಿತು, ಅರ್ಧ ಸೆಂಟಿಮೀಟರ್ ಕೆಳಗೆ ಜಾರಿತು, ಮತ್ತೆ ಏರಿತು. ಇಬ್ಬರೂ ಬಾಗಿ ನೋಡಿದೆವು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಗಡಿಯಾರ ಆಗಲೇ ನಿಂತಿತ್ತು. ನೊಣ ಗೆರೆ ದಾಟಿತು.

"ಸಮಯ ಆದ್ಮೇಲೆ ಬಂತು ಯಜಮಾನ್ರೇ. ಲೆಕ್ಕಕ್ಕೆ ತಗೊಳ್ಳಂಗಿಲ್ಲ" ಅಂದೆ.

ಅವರು ಕೊಳವೆಯಿಂದ ಕಣ್ಣು ತೆಗೆಯದೆಯೇ, "ಬೇಡ. ಬರೀಬೇಡ" ಅಂದರು. "ಆದ್ರೆ ಬಂತು. ನಾವಿಬ್ರೂ ನೋಡಿದ್ವಿ."

ನಾನು ಆರು ಎಂದು ಬರೆದೆ. ಅವರು ಎಡಗೈ ಚಾಚಿ ಮುಂದಿನ ಕೊಳವೆಯನ್ನು ನನ್ನ ಕಡೆಗೆ ಸರಿಸಿದರು.